ಕುಂಡದ ಮೆಣಸಿನ ಗಿಡ ಬಾಡಿದೆಯಾ? ಚೊಂಬು ಕೆಳಗಿಟ್ಟು ಮೊದಲು ಬೇರು ನೋಡಿ

ಹೋದ ವರ್ಷ ಮೇ ತಿಂಗಳಲ್ಲಿ ಶಿರಸಿ ಹತ್ತಿರದ ಅತ್ತೆ ಮನೆಯಿಂದ ಒಂದು ಸೂಜಿ ಮೆಣಸಿನ ಗಿಡ ತಂದೆ. ಬಚ್ಚಲುಮನೆಯ ಹಿಂದೆ, ಅಡಿಕೆ ಮರದ ನೆರಳಲ್ಲಿ ತಾನಾಗಿಯೇ ಹುಟ್ಟಿದ್ದು. ಮೊಣಕಾಲೆತ್ತರ, ಕಡು ಹಸಿರು, ತುದಿಯಲ್ಲಿ ಮೊಗ್ಗು ಬೇರೆ. ಅತ್ತೆ ಅದನ್ನು ಬುಡದ ಮಣ್ಣಿನ ಸಮೇತ ಕಿತ್ತು, ಬಾಳೆಪಟ್ಟೆಯಲ್ಲಿ ಸುತ್ತಿ, ಹಳೇ ಬಕೆಟಿನಲ್ಲಿಟ್ಟು ಕೊಟ್ಟರು. ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ ಬದಲಿಸಿ ಕಾರವಾರ ಮುಟ್ಟುವಾಗ ಸಂಜೆಯಾಗಿತ್ತು. ಮರುದಿನ ಬೆಳಿಗ್ಗೆ ಟೆರೇಸಿನ ಮೇಲೆ ಇದ್ದದ್ದರಲ್ಲೇ ದೊಡ್ಡ ಕುಂಡದಲ್ಲಿ ನೆಟ್ಟೆ. ಮಧ್ಯಾಹ್ನ ಊಟ ಮುಗಿಸಿ ಹೋಗಿ ನೋಡಿದರೆ ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವುದೇ. ಬೆಳಿಗ್ಗೆ ಒಂದು ಚೊಂಬು ನೀರು, ಮಧ್ಯಾಹ್ನ ಒಂದು, ಸಂಜೆ ಒಂದು. ನಾಲ್ಕನೇ ದಿನ ‘ಪಾಪ, ಶಕ್ತಿ ಇಲ್ಲ’ ಅಂತ ಶೇಂಗಾ ಹಿಂಡಿಯನ್ನೂ ಹಾಕಿದೆ. ವಾರದೊಳಗೆ ಕೆಳಗಿನ ಎಲೆ ಹಳದಿಯಾಗಿ ಉದುರತೊಡಗಿದವು. ಹತ್ತನೇ ದಿನ ಅತ್ತೆಗೆ ವಿಡಿಯೋ ಕಾಲ್ ಮಾಡಿ ಗಿಡ ತೋರಿಸಿದೆ. ಅವರು ಗಿಡ ನೋಡಲೇ ಇಲ್ಲ, ಕುಂಡದ ಮಣ್ಣು ನೋಡಿದರು. “ಅದೆಂತ ಭತ್ತದ ಗದ್ದೆಯನೇ ಕೂಸೆ, ನೀರು ನಿಲ್ಸಲೆ?” ಅಂದರು.

ಕುಂಡ ಮಗುಚಿದೆ. ತಳದ ತೂತಿನ ಮೇಲೆ ನಾನೇ ಇಟ್ಟಿದ್ದ ಹಂಚಿನ ಚೂರು ಬಿರಡೆ ಹಾಕಿದಂತೆ ಕೂತಿತ್ತು. ಕೆಳಗಿನ ಮೂರು ಬೆರಳು ಮಣ್ಣು ಕಪ್ಪು ಕೆಸರು, ಚರಂಡಿ ವಾಸನೆ. ಬೇರು ಹಿಡಿದು ಮೆಲ್ಲಗೆ ಎಳೆದರೆ ಮೇಲಿನ ಸಿಪ್ಪೆ ಕಳಚಿ ಬೆರಳಿಗೆ ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳಿಯಿತು. ಬಾಯಾರಿಕೆ ಅಂದುಕೊಂಡು ನಾನು ಹತ್ತು ದಿನ ಗಿಡವನ್ನು ನೀರಲ್ಲಿ ಮುಳುಗಿಸಿದ್ದೆ.

ಆ ಗಿಡ ಬದುಕಿತು. ಹೇಗೆ ಅನ್ನುವುದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಅಂದಹಾಗೆ ಇಲ್ಲಿ ಮೆಣಸು ಅಂದರೆ ಖಾರದ ಮೆಣಸಿನಕಾಯಿ, ಬಳ್ಳಿಯ ಕಾಳುಮೆಣಸಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಗೊಂದಲ ಹಳೆಯದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂದದ್ದು ಕಾಳುಮೆಣಸಿನಿಂದ. ಅದೇ ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಗೋವಾ ಕಡೆಗೆ ಬಂದದ್ದು ಈ ಹಸಿಮೆಣಸು. ಕಾಳಿ ನದಿ ದಾಟಿ ಈಚೆ ಬರಲು ಅದಕ್ಕೆ ಹೆಚ್ಚು ದಿನ ಬೇಕಾಗಿರಲಿಕ್ಕಿಲ್ಲ.

ಮೊದಲು: ಎಷ್ಟು ಹೊತ್ತಿಗೆ ಬಾಡುತ್ತದೆ, ನೋಡಿ

ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಎಲೆ ಸ್ವಲ್ಪ ಜೋತರೆ ಅದು ರೋಗವಲ್ಲ. ಬೇರು ಕುಡಿಯುವುದಕ್ಕಿಂತ ಬೇಗ ಎಲೆಯಿಂದ ನೀರು ಆರುತ್ತಿರುತ್ತದೆ, ಅಷ್ಟೇ. ಸಂಜೆ ಆರಕ್ಕೆ ಮತ್ತೆ ನೆಟ್ಟಗಾದರೆ ಗಿಡ ಆರೋಗ್ಯವಾಗಿದೆ. ಬೆಳಿಗ್ಗೆ ಏಳು ಗಂಟೆಗೇ, ತಂಪಿನಲ್ಲೇ, ತಲೆ ಬಗ್ಗಿಸಿ ನಿಂತಿದ್ದರೆ ಮಾತ್ರ ಏನೋ ಕೆಟ್ಟಿದೆ ಅಂತ ಅರ್ಥ.

ಆದ್ದರಿಂದ ಬಾಡಿದ ಗಿಡ ಕಂಡ ದಿನ ಮಾಡಬೇಕಾದ ಕೆಲಸ ಒಂದೇ: ಕುಂಡವನ್ನು ಬಿಸಿಲಿನಿಂದ ಎತ್ತಿ ನೆರಳಿಗಿಡಿ. ಕತ್ತಲೆ ಕೋಣೆಗಲ್ಲ, ಜಗಲಿಯ ಅಂಚಿಗೆ, ಬೆಳಕಿದ್ದು ನೇರ ಬಿಸಿಲು ಬೀಳದ ಕಡೆ. ನೀರು ಹಾಕಬೇಡಿ, ಗೊಬ್ಬರ ಹಾಕಬೇಡಿ, ಕೊಂಬೆ ಕತ್ತರಿಸಬೇಡಿ. ಮರುದಿನ ಬೆಳಿಗ್ಗೆ ಹೇಗಿದೆ ನೋಡಿ. ಮಣ್ಣು ಕೈಗೆ ಪೂರ್ತಿ ಒಣಗಿದಂತೆ ಸಿಕ್ಕರೆ ಮಾತ್ರ ಈ ಮಾತು ಬೇಡ, ಕೂಡಲೇ ನೀರು ಕೊಡಿ.

ಟೆರೇಸಿನ ಕಾಂಕ್ರೀಟು ಕೂಡ ಒಂದು ಕಾರಣ, ನಮಗೆ ಅದು ಹೊಳೆಯುವುದೇ ಇಲ್ಲ. ಬರಿಗಾಲಲ್ಲಿ ನಿಲ್ಲಲಾಗದ ಕಾಂಕ್ರೀಟಿನ ಮೇಲೆ ಕಪ್ಪು ಪ್ಲಾಸ್ಟಿಕ್ ಕುಂಡ ಇಟ್ಟರೆ ಒಳಗಿನ ಬೇರು ಬೇಯುತ್ತದೆ. ಎರಡು ಇಟ್ಟಿಗೆಯ ಮೇಲೆ ಕುಂಡ ಎತ್ತಿಡಿ, ಪಡುವಣ ಬಿಸಿಲು ತಾಗುವ ಬದಿಗೆ ಹಳೇ ಗೋಣಿ ಸುತ್ತಿ. ಇದಕ್ಕೆ ಖರ್ಚಿಲ್ಲ.

ಮಣ್ಣು: ಬೆರಳು ಹಾಕಿ, ಕುಂಡ ಎತ್ತಿ

ಮೇಲ್ಮಣ್ಣು ನೋಡಿ ನೀರು ಹಾಕುವುದು ಮೋಸ ಹೋಗುವ ದಾರಿ. ನಮ್ಮ ಕರಾವಳಿಯ ಗಾಳಿಗೆ ಮೇಲಿನ ಅರ್ಧ ಇಂಚು ಬೇಗ ಒಣಗುತ್ತದೆ, ಕೆಳಗೆ ಕೆಸರಿರಬಹುದು. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಅಲ್ಲಿಯೂ ಒಣಗಿದ್ದರೆ ನೀರು ಬೇಕು. ತಂಪಾಗಿ, ಬೆರಳಿಗೆ ಅಂಟುವಂತಿದ್ದರೆ ಬೇಡ. ಇನ್ನೊಂದು ಉಪಾಯ ಕುಂಡವನ್ನು ಒಂದು ಬದಿಯಿಂದ ಸ್ವಲ್ಪ ಎತ್ತಿ ನೋಡುವುದು. ನೀರು ಕುಡಿದ ಕುಂಡ ಮತ್ತು ಒಣಗಿದ ಕುಂಡದ ಭಾರದ ವ್ಯತ್ಯಾಸ ನಾಲ್ಕು ದಿನದಲ್ಲಿ ಕೈಗೇ ಗೊತ್ತಾಗುತ್ತದೆ. ಈಗ ನಾನು ಬೆರಳು ಹಾಕುವುದನ್ನೂ ಬಿಟ್ಟಿದ್ದೇನೆ.

ಒಣಗಿದ ಕುಂಡದಲ್ಲೂ ಒಂದು ಕಿತಾಪತಿ ಇದೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಜಾಸ್ತಿ ಇರುವ ಮಣ್ಣು ಪೂರ್ತಿ ಒಣಗಿದರೆ ಆಮೇಲೆ ನೀರನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಚಿರೆಕಲ್ಲಿನ ಕೆಂಪು ಮಣ್ಣು ಒಣಗಿದರಂತೂ ಗಟ್ಟಿ ಹೆಂಟೆಯಾಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಮೇಲಿಂದ ಹೊಯ್ದ ನೀರು ಆ ಸಂದಿಯಲ್ಲಿ ಇಳಿದು ತಳದಿಂದ ಹರಿದುಹೋಗುತ್ತದೆ. ನೀವು ‘ಚೆನ್ನಾಗಿ ನೀರು ಇಳಿಯಿತು’ ಅಂದುಕೊಳ್ಳುತ್ತೀರಿ, ಬೇರಿಗೆ ಒಂದು ಹನಿ ಸಿಕ್ಕಿರುವುದಿಲ್ಲ. ಇಂಥ ಕುಂಡವನ್ನು ಬಕೆಟ್ ಅಥವಾ ಟಬ್ಬಿನಲ್ಲಿ ಅರ್ಧ ಎತ್ತರದ ನೀರಲ್ಲಿ ಇಪ್ಪತ್ತು ಮೂವತ್ತು ನಿಮಿಷ ಕೂರಿಸಿ. ತಳದಿಂದ ಮೇಲಕ್ಕೆ ಒದ್ದೆ ಏರುತ್ತದೆ. ಮೇಲ್ಮಣ್ಣು ಕಪ್ಪಾದ ಮೇಲೆ ಎತ್ತಿ, ನೀರು ಸೋರಲು ಬಿಡಿ. ಬಾಯಾರಿ ಬಾಡಿದ ಗಿಡ ಇಷ್ಟರಲ್ಲೇ ಎದ್ದು ಕೂರುತ್ತದೆ, ಕೆಲವೊಮ್ಮೆ ಎರಡೇ ಗಂಟೆಯಲ್ಲಿ. ನಿಮ್ಮದು ಹಾಗೆ ಎದ್ದರೆ ಮುಂದಿನದ್ದನ್ನು ಓದದೆ ಬಿಟ್ಟರೂ ನಡೆಯುತ್ತದೆ.

ಮಣ್ಣು ಒದ್ದೆ, ಗಿಡ ಬಾಡಿದೆ: ಆಗ ಬೇರಿನ ಕೆಲಸ

ಮೆಣಸಿನ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದಿಗಳಲ್ಲೆಲ್ಲ ನೀರು ತುಂಬಿದರೆ ಬೇರು ಉಸಿರು ಕಟ್ಟಿ ಸಾಯುತ್ತದೆ. ಸತ್ತ ಬೇರಿಗೆ ಕೊಳೆಸುವ ಶಿಲೀಂಧ್ರ ಹತ್ತುತ್ತದೆ. ಬೇರಿಲ್ಲದ ಗಿಡ ನೀರಿನ ನಡುವೆ ನಿಂತು ಬಾಯಾರಿ ಬಾಡುತ್ತದೆ. ಅದನ್ನು ಕಂಡು ನಾವು ಇನ್ನೊಂದು ಚೊಂಬು ಹೊಯ್ಯುತ್ತೇವೆ, ಅಲ್ವಾ?

ಸಂಜೆ ಹೊತ್ತು, ನೆರಳಲ್ಲಿ ಪೇಪರ್ ಹಾಸಿ ಕೂರಿ. ಕುಂಡ ಅಡ್ಡ ಮಲಗಿಸಿ, ಬದಿಗೆ ಕೈಯಿಂದ ತಟ್ಟಿ, ಗಿಡದ ಬುಡವನ್ನು ಬೆರಳ ಸಂದಿಯಲ್ಲಿ ಹಿಡಿದು ಮಣ್ಣಿನ ಮುದ್ದೆ ಸಮೇತ ಜಾರಿಸಿ. ಕಾಂಡ ಹಿಡಿದು ಜಗ್ಗಬೇಡಿ. ಬಿಳಿ ಅಥವಾ ತಿಳಿ ಕೆನೆ ಬಣ್ಣದ, ಗಟ್ಟಿಯಾದ ಬೇರು ಜೀವಂತ. ಕಂದು ಬಣ್ಣಕ್ಕೆ ತಿರುಗಿ, ಲೋಳೆಯಾಗಿ, ಹಿಡಿದರೆ ಸಿಪ್ಪೆ ಜಾರುವುದು ಸತ್ತದ್ದು. ಅರ್ಧಕ್ಕಿಂತ ಹೆಚ್ಚು ಬೇರು ಬೆಳ್ಳಗಿದ್ದರೆ ಬರೀ ಮಣ್ಣು ಆರಲು ಬಿಟ್ಟರೂ ಗಿಡ ಚೇತರಿಸಿಕೊಳ್ಳುತ್ತದೆ. ಮುದ್ದೆಯನ್ನು ಹಾಗೇ ಪೇಪರಿನ ಮೇಲೆ ರಾತ್ರಿಯಿಡೀ ಇಡಿ, ಹೆಚ್ಚಿನ ನೀರು ಪೇಪರು ಹೀರುತ್ತದೆ. ಬೆಳಿಗ್ಗೆ ತೂತು ಸರಿಮಾಡಿ ವಾಪಸ್ ಕೂರಿಸಿ.

ನನ್ನದರಲ್ಲಿ ಮುಕ್ಕಾಲು ಪಾಲು ಹೋಗಿತ್ತು. ಆಗ ಕೊಳೆತದ್ದನ್ನೆಲ್ಲ ಕತ್ತರಿಯಿಂದ ಕತ್ತರಿಸಲೇಬೇಕು. ಕತ್ತರಿಯನ್ನು ಮೊದಲು ಸ್ಪಿರಿಟ್ ಅಥವಾ ಸ್ಯಾನಿಟೈಸರಿನಿಂದ ಒರೆಸಿ. ಅಂಟಿದ ಕೆಸರನ್ನು ಮಗ್ಗಿನ ನೀರಿನಿಂದ ಮೆಲ್ಲಗೆ ತೊಳೆಯಿರಿ. ಬೇರು ಕಡಿಮೆಯಾದಷ್ಟು ಮೇಲೂ ಕಡಿಮೆಯಾಗಬೇಕು. ಇಲ್ಲದಿದ್ದರೆ ಮೂರು ಬೇರು ಸೇರಿ ಮೂವತ್ತು ಎಲೆಗೆ ನೀರು ಹೊರಬೇಕಾಗುತ್ತದೆ. ಮೇಲಿನ ಮೂರನೇ ಒಂದು ಭಾಗ ಕತ್ತರಿಸಿದೆ. ಹೂವು, ಮೊಗ್ಗು, ಪುಟ್ಟ ಕಾಯಿ ಎಲ್ಲವನ್ನೂ ಚಿವುಟಿದೆ. ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಕಾಯಿ ಇಟ್ಟುಕೊಂಡ ಗಿಡ ತನ್ನ ಬೇರನ್ನು ಬಿಟ್ಟು ಕಾಯಿಗೇ ಊಟ ಹಾಕುತ್ತದೆ.

ಈಗ ಕುಂಡ. ಸೊರಗಿದ ಗಿಡವನ್ನು ಇನ್ನೂ ದೊಡ್ಡ ಕುಂಡಕ್ಕೆ ಹಾಕಬೇಕು ಅನ್ನಿಸುತ್ತದೆ, ಅದೇ ತಪ್ಪು. ನಾಲ್ಕು ಬೇರಿಗೆ ಒಂದು ಬುಟ್ಟಿ ಮಣ್ಣು ಕೊಟ್ಟರೆ ಆ ಮಣ್ಣಿನ ನೀರು ಕುಡಿಯುವವರಿಲ್ಲದೆ ಮತ್ತೆ ಕೊಳೆಯುತ್ತದೆ. ಉಳಿದ ಬೇರಿಗಿಂತ ಎರಡು ಬೆರಳು ಅಗಲ ಇದ್ದರೆ ಸಾಕು. ನಾನು ಐದಿಂಚಿನ ಮಣ್ಣಿನ ಕುಂಡಕ್ಕೆ ಇಳಿಸಿದೆ. ಮಣ್ಣಿನ ಕುಂಡ ಬದಿಯಿಂದಲೂ ಉಸಿರಾಡುತ್ತದೆ, ಚೇತರಿಕೆಗೆ ಅದೇ ಒಳ್ಳೆಯದು. ಪೂರ್ತಿ ಬೆಳೆದ ಮೇಲೆ ಹತ್ತರಿಂದ ಹನ್ನೆರಡು ಇಂಚಿನದು ಬೇಕು, ಆದರೆ ಈಗಲ್ಲ.

ಮಣ್ಣಿನ ಮಿಶ್ರಣಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಕೋಕೋಪೀಟ್. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಮರದಡಿಯ ದರಕು, ಅಂದರೆ ಉದುರಿದ ಒಣ ಎಲೆ, ಕಳಿತ ಕಪ್ಪು ಮಣ್ಣು ಸಿಗುತ್ತದೆ. ಅದಿದ್ದರೆ ಬೇರೆ ಏನೂ ಬೇಡ, ನಮಗೆ ಹೊಟ್ಟೆಕಿಚ್ಚು. ಕಾರವಾರ, ಅಂಕೋಲಾ ಕಡೆಯವರು ಒಂದು ನೆನಪಿಡಿ: ಬೀಚಿನ ಮರಳು ತರಬೇಡಿ. ಉಪ್ಪು ತೊಳೆದರೂ ಅದರಲ್ಲಿರುವ ಚಿಪ್ಪಿನ ಚೂರು ಮಣ್ಣನ್ನು ಸುಣ್ಣ ಮಾಡುತ್ತದೆ. ಮನೆ ಕಟ್ಟುವವರ ಹತ್ತಿರ ಒಂದು ಚೀಲ ಹೊಳೆ ಮರಳು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ತಳಕ್ಕೆ ಜಲ್ಲಿ ತುಂಬುವ ಪದ್ಧತಿ ಬಿಡಿ. ಜಲ್ಲಿ ಇದ್ದರೆ ನೀರು ಬೇಗ ಇಳಿಯುತ್ತದೆ ಅನ್ನುವುದು ಬರೀ ನಂಬಿಕೆ. ನುಣುಪು ಮಣ್ಣಿನಲ್ಲಿ ಹಿಡಿದಿಟ್ಟ ನೀರು ದೊಡ್ಡ ಸಂದಿಯ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೇ ನಿಲ್ಲುತ್ತದೆ. ಬೇರಿಗೆ ಸಿಗುವ ಒಣ ಜಾಗ ಇನ್ನೂ ಕಡಿಮೆಯಾಗುತ್ತದೆ. ತೂತಿನ ಮೇಲೆ ತೆಂಗಿನ ನಾರಿನ ಒಂದು ಸಣ್ಣ ಉಂಡೆ ಅಥವಾ ಸೊಳ್ಳೆ ಪರದೆಯ ತುಂಡು ಇಟ್ಟರೆ ಮಣ್ಣು ಹೋಗುವುದಿಲ್ಲ, ನೀರು ಹೋಗುತ್ತದೆ. ಹಂಚಿನ ಚೂರೇ ಇಡುತ್ತೀರಾದರೆ ಬಗ್ಗಿದ ಚೂರನ್ನು ಬೋರಲು ಇಡಿ, ನನ್ನ ಹಾಗೆ ಚಪ್ಪಟೆಯದನ್ನಲ್ಲ.

ನೆಟ್ಟ ಮೇಲೆ ಒಂದೇ ಸಲ ನೀರು, ತಳದಿಂದ ಸೋರುವಷ್ಟು. ಆಮೇಲೆ ಬೆರಳು ಹೇಳಿದಾಗ ಮಾತ್ರ. ಕುಂಡದ ಕೆಳಗಿನ ತಟ್ಟೆ ತೆಗೆದುಬಿಡಿ.

ಒಂದು ಲೋಟದ ಪರೀಕ್ಷೆ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಎಲೆ ಹಳದಿಯಾಗದೆ, ಹಸಿರು ಇದ್ದಹಾಗೇ ಇಡೀ ಗಿಡ ಎರಡು ಮೂರು ದಿನದಲ್ಲಿ ದಿಢೀರ್ ಅಂತ ಬಾಡಿದರೆ, ಬೇರೂ ಅಷ್ಟೊಂದು ಕೊಳೆತಿಲ್ಲದಿದ್ದರೆ, ಅದು ಬ್ಯಾಕ್ಟೀರಿಯಾದ ಸೊರಗು ರೋಗ ಇರಬಹುದು. ಬಿಸಿ, ತೇವ, ಹುಳಿ ಮಣ್ಣು ಮೂರೂ ಇರುವ ನಮ್ಮಂಥ ಕಡೆ ಇದು ಹೆಚ್ಚು.

ಬುಡದ ಹತ್ತಿರ ಕಾಂಡದ ಎರಡು ಇಂಚಿನ ತುಂಡು ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ತುಂಡಿನ ಕತ್ತರಿಸಿದ ತುದಿ ನೀರಿಗೆ ಸ್ವಲ್ಪವೇ ಮುಳುಗುವಂತೆ ದಾರದಲ್ಲಿ ತೂಗಿಬಿಡಿ. ಅಲುಗಾಡಿಸಬೇಡಿ. ಹಿಂದೆ ಕಪ್ಪು ಬಟ್ಟೆ ಇಟ್ಟರೆ ಚೆನ್ನಾಗಿ ಕಾಣುತ್ತದೆ. ರೋಗ ಇದ್ದರೆ ಕೆಲವೇ ನಿಮಿಷದಲ್ಲಿ ತುದಿಯಿಂದ ಹಾಲಿನಂಥ ಬಿಳಿ ಎಳೆ, ಊದಿನಕಡ್ಡಿ ಹೊಗೆಯನ್ನು ತಲೆಕೆಳಗು ಮಾಡಿದ ಹಾಗೆ, ಮೆಲ್ಲಗೆ ಕೆಳಗಿಳಿಯುತ್ತದೆ. ನೋಡಲು ಚಂದ. ಗಿಡದ ಕಥೆ ಮಾತ್ರ ಅಲ್ಲಿಗೆ ಮುಗಿಯಿತು.

ಇದಕ್ಕೆ ಮನೆಮದ್ದೂ ಇಲ್ಲ, ಅಂಗಡಿ ಮದ್ದೂ ಇಲ್ಲ. ಗಿಡವನ್ನು ಸುಟ್ಟುಬಿಡಿ. ಆ ಮಣ್ಣಿಗೆ ಬದನೆ, ಟೊಮೆಟೊ, ಮೆಣಸು ಮತ್ತೆ ಹಾಕಬೇಡಿ, ಮೂರೂ ಒಂದೇ ಕುಟುಂಬ, ಮೂವರಿಗೂ ಇದೇ ರೋಗ. ಮಣ್ಣನ್ನು ತರಕಾರಿ ಗಿಡಗಳಿಂದ ದೂರ ಹಾಕಿ, ಕುಂಡ ತೊಳೆದು ಬಿಸಿಲಲ್ಲಿ ಒಣಗಿಸಿ. ನೀರಲ್ಲಿ ಏನೂ ಇಳಿಯದಿದ್ದರೆ ಬೇರು ಕೊಳೆತವೋ ಉಪ್ಪೋ ಇರಬಹುದು.

ಉಪ್ಪು

ಘಟ್ಟದ ಮೇಲಿನವರು ಈ ಭಾಗ ಹಾರಿಸಬಹುದು. ಸಮುದ್ರದ ಹತ್ತಿರದ ಬಾವಿಗಳಲ್ಲಿ ಏಪ್ರಿಲ್ ಮೇ ಹೊತ್ತಿಗೆ ನೀರು ಸಪ್ಪೆಯಾಗಿ ಉಳಿಯುವುದಿಲ್ಲ. ಕುಡಿದರೆ ನಾಲಿಗೆಗೆ ತಿಳಿಯದಷ್ಟು ಉಪ್ಪೂ ಕುಂಡದಲ್ಲಿ ದಿನದಿನಕ್ಕೆ ಸೇರುತ್ತಾ ಹೋಗುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಗುರುತು ಸುಲಭ: ಮಣ್ಣಿನ ಕುಂಡದ ಹೊರಮೈಯಲ್ಲಿ, ಮಣ್ಣಿನ ಅಂಚಿನಲ್ಲಿ ಬಿಳಿ ಪೊರೆ. ಎಲೆಯ ಅಂಚು ಮತ್ತು ತುದಿ ಬೀಡಿ ತಾಗಿಸಿದಂತೆ ಕಂದು.

ಕುಮಟಾ ತಾಲೂಕಿನ ಗಜನಿ ಗದ್ದೆಗಳಲ್ಲಿ, ಅಂದರೆ ಸಮುದ್ರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಆ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಮೆಣಸಿಗೆ ಆ ಗಟ್ಟಿತನ ಇಲ್ಲ.

ಪರಿಹಾರ ಮಣ್ಣು ತೊಳೆಯುವುದು. ಕುಂಡ ಹಿಡಿಯುವಷ್ಟಕ್ಕೆ ಮೂರು ಪಟ್ಟು ಸಿಹಿ ನೀರನ್ನು ಒಂದೇ ಬೆಳಿಗ್ಗೆ, ನಿಧಾನವಾಗಿ, ಸೋರಿಹೋಗುವಂತೆ ಹೊಯ್ಯಬೇಕು. ಹತ್ತು ಲೀಟರ್ ಕುಂಡವಾದರೆ ಮೂವತ್ತು ಲೀಟರ್. ಇಷ್ಟು ಹೊತ್ತು ನೀರು ಜಾಸ್ತಿ ಬೇಡ ಅಂದು ಈಗ ಬಕೆಟುಗಟ್ಟಲೆ ಅನ್ನುತ್ತಿದ್ದೇನೆ, ಗೊತ್ತು. ವ್ಯತ್ಯಾಸ ಏನೆಂದರೆ ಇದು ನಿಲ್ಲುವ ನೀರಲ್ಲ, ಹರಿದುಹೋಗುವ ನೀರು. ತೂತು ಸರಿ ಇರುವ, ಬೇರು ಗಟ್ಟಿ ಇರುವ ಗಿಡಕ್ಕೆ ಮಾತ್ರ ಹೀಗೆ ಮಾಡಿ. ಮಾಡಿದ ಮೇಲೆ ಮಣ್ಣು ಚೆನ್ನಾಗಿ ಆರುವವರೆಗೆ ಮುಟ್ಟಬೇಡಿ. ಮಳೆಗಾಲ ಬಂದರೆ ಮೊದಲ ಎರಡು ಮಳೆಯೇ ಈ ಕೆಲಸ ಪುಕ್ಕಟೆ ಮಾಡಿಕೊಡುತ್ತದೆ. ಬೇಸಿಗೆಯಲ್ಲಿ ಸಮುದ್ರದ ಕಡೆ ಮುಖ ಮಾಡಿದ ಟೆರೇಸಾದರೆ ವಾರಕ್ಕೊಮ್ಮೆ ಎಲೆಗಳನ್ನೂ ಸಿಹಿ ನೀರಲ್ಲಿ ತೊಳೆಯಿರಿ. ಗಾಳಿಯಲ್ಲಿ ಬರುವ ಉಪ್ಪು ಎಲೆ ಮೇಲೆ ಕೂರುತ್ತದೆ. ಕಿಟಕಿಯ ಕಬ್ಬಿಣ ತುಕ್ಕು ಹಿಡಿಯುವ ಊರಿನಲ್ಲಿ ಎಲೆಗೆ ಏನಾಗಬೇಡ?

ಎಲೆ ಓದುವುದು

ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯ ಹಾಗಾದರೆ ಥ್ರಿಪ್ಸ್ ನುಸಿ. ಬಿಳಿ ಕಾಗದದ ಮೇಲೆ ತುದಿಯ ಎಲೆ ತಟ್ಟಿ, ಗೀರಿನಷ್ಟು ಸಣ್ಣ ಹಳದಿ ಹುಳು ಓಡಾಡುವುದು ಕಾಣುತ್ತದೆ. ಅಂಚು ಕೆಳಕ್ಕೆ ಬಗ್ಗಿ ಮಗುಚಿದ ದೋಣಿಯಂತಾಗಿ, ಎಲೆಯ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಅದು ಬರಿಗಣ್ಣಿಗೆ ಕಾಣುವುದೇ ಕಷ್ಟ. ಎರಡನ್ನೂ ಸೇರಿಸಿ ರೈತರು ಮುಟುರು ರೋಗ ಅನ್ನುತ್ತಾರೆ. ಕಾಂಡದ ಮೇಲೆ ಇರುವೆ ಸಾಲು ಹತ್ತುತ್ತಿದ್ದರೆ ತುದಿ ಎಲೆಯ ಅಡಿ ನೋಡಿ, ಸಸ್ಯ ಹೇನು ಅಥವಾ ಹಿಟ್ಟು ತಿಗಣೆ ಇದ್ದೇ ಇರುತ್ತದೆ. ಇರುವೆಗೆ ಅದರ ಸಿಹಿ ರಸ ಬೇಕು, ಅದಕ್ಕೇ ಕಾವಲು.

ಹುಳು ಯಾವುದೇ ಇರಲಿ, ಮೊದಲ ಮದ್ದು ನೀರು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಎಲೆಯ ಅಡಿಭಾಗಕ್ಕೆ ಮೂರು ದಿನ ಬೆಳಿಗ್ಗೆ ಜೋರಾಗಿ ಹೊಡೆಯಿರಿ. ಮಣ್ಣಿಗೆ ನೀರು ಹೋಗದಂತೆ ಬುಡಕ್ಕೆ ಪ್ಲಾಸ್ಟಿಕ್ ಕಟ್ಟಿ. ಹೋಗದಿದ್ದರೆ ಬೇವಿನ ಎಣ್ಣೆ: ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಐದು ಮಿಲಿ ಎಣ್ಣೆ. ಎಣ್ಣೆಯನ್ನು ಮೊದಲು ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಕಲಸಿ, ಆಮೇಲೆ ನೀರಿಗೆ ಹಾಕಿ. ಇಲ್ಲದಿದ್ದರೆ ಎಣ್ಣೆ ಮೇಲೇ ತೇಲುತ್ತದೆ. ಸಂಜೆ ಹೊಡೆಯಿರಿ, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಮೊದಲು ಎರಡು ಎಲೆಗೆ ಮಾತ್ರ ಹೊಡೆದು ಒಂದು ದಿನ ಕಾಯಿರಿ. ವಾರಕ್ಕೊಮ್ಮೆ ಮೂರು ಸಲ ಸಾಕು. ಮೈಟ್ ನುಸಿಗೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ ಎರಡರಿಂದ ಮೂರು ಗ್ರಾಂ ಒಳ್ಳೆಯದು. ಆದರೆ ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಬೇಡ, ಸುಡುಬಿಸಿಲಿನ ದಿನವೂ ಬೇಡ.

ಹುಳಿ ಮಜ್ಜಿಗೆ ಹೊಡೆದರೆ ಮುಟುರು ಹೋಗುತ್ತದೆ ಅನ್ನುವವರು ಬಹಳ ಜನ. ನಾನು ಎರಡು ಸಲ ಹೊಡೆದೆ. ಗಿಡ ಹಾಗೇ ಇತ್ತು, ಟೆರೇಸು ನಾರಿತು. ಅಡಿಕೆಯ ಕೊಳೆ ರೋಗಕ್ಕೆಂದು ತಂದು ಉಳಿದ ಮದ್ದನ್ನು ಮೆಣಸಿಗೂ ಒಂದು ಕೈ ಹೊಡೆಯುವ ಅಭ್ಯಾಸ ಘಟ್ಟದ ಮೇಲಿದೆ. ಮೈಲುತುತ್ತ ಸುಣ್ಣದ ಬೋರ್ಡೋ ಶಿಲೀಂಧ್ರಕ್ಕೆ ಇರುವುದು, ನುಸಿಗೆ ಅದು ಲೆಕ್ಕಕ್ಕಿಲ್ಲ. ಸೊರಗಿದ ಗಿಡಕ್ಕಂತೂ ಬೇಡವೇ ಬೇಡ.

ಎಲೆ ಸುರುಟಿ, ಚಿಕ್ಕದಾಗಿ, ಗಿಡವೇ ಕುಳ್ಳಾಗಿ ಗೊಂಚಲು ಕಟ್ಟಿದರೆ ಬಿಳಿ ನೊಣ ತಂದ ವೈರಸ್ ಇರಬಹುದು. ಅದಕ್ಕೆ ಮದ್ದಿಲ್ಲ, ಪಕ್ಕದ ಗಿಡಗಳಿಗೆ ಹಬ್ಬುವ ಮೊದಲು ಕಿತ್ತುಬಿಡಿ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಕೆಳಗಿನ ಎಲೆ ಪೂರ್ತಿ ಹಳದಿಯಾದರೆ ನೀರು ಜಾಸ್ತಿ ಅಥವಾ ಸಾರಜನಕ ಕಡಿಮೆ, ನಮ್ಮ ಕಡೆ ಹೆಚ್ಚಾಗಿ ಮೊದಲನೆಯದೇ. ಹಳೆ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಇದ್ದರೆ ಮೆಗ್ನೀಸಿಯಂ ಕೊರತೆ. ಮಳೆಗೆ ತೊಳೆದುಹೋದ ಮಣ್ಣಿನಲ್ಲಿ ಇದು ಸಾಮಾನ್ಯ, ಎಪ್ಸಮ್ ಸಾಲ್ಟ್ ಲೀಟರಿಗೆ ಐದು ಗ್ರಾಂ ಎಲೆಗೆ ಹೊಡೆದರೆ ಆಗುತ್ತದೆ. ಬಿಳಿ ಕಾಗದದಂಥ ಮಚ್ಚೆ ಬಿಸಿಲು ಸುಟ್ಟದ್ದು. ಗೆಣ್ಣಿನಲ್ಲಿ ನೇರಳೆ ಬಣ್ಣ ಇದ್ದರೆ ಗಾಬರಿ ಬೇಡ, ಕೆಲವು ಜಾತಿಗಳಿಗೆ ಅದು ಹುಟ್ಟುಗುಣ.

ಮಳೆಗಾಲ ಬಂತು

ನನ್ನ ಗಿಡಕ್ಕೆ ಶಸ್ತ್ರಚಿಕಿತ್ಸೆ ಆಗಿ ಎರಡೇ ವಾರಕ್ಕೆ ಮಳೆ ಹಿಡಿಯಿತು. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಕುಂಡದ ಮೆಣಸಿಗೆ ಇದಕ್ಕಿಂತ ಕೆಟ್ಟ ಕಾಲವಿಲ್ಲ. ಸೂರಿನ ಕೆಳಗಿಟ್ಟರೆ ಸಾಲದು, ಸೂರಿನ ನೀರು ಬೀಳುವ ಗೆರೆಯಿಂದ ಎರಡು ಅಡಿ ಒಳಗಿರಬೇಕು. ಇಲ್ಲದಿದ್ದರೆ ಮಾಡಿನ ಹನಿ ದಿನಕ್ಕೊಂದಿಂಚು ಮಣ್ಣು ಕೊರೆದು ಬೇರು ಹೊರತರುತ್ತದೆ.

ಆರಿದ್ರಾ ಮಳೆಯಲ್ಲಿ ವಾರಗಟ್ಟಲೆ ಬಿಸಿಲೇ ಇರುವುದಿಲ್ಲ. ಆಗ ಗಿಡ ಬೆಳೆಯುವುದಿಲ್ಲ, ಒಂದೆರಡು ಎಲೆ ಉದುರಿಸಿ ಸುಮ್ನೆ ನಿಲ್ಲುತ್ತದೆ. ನಿಲ್ಲಲಿ. ಬೆಳಕಿಲ್ಲದಾಗ ಗೊಬ್ಬರ ಕೊಟ್ಟರೆ ಉದ್ದ ತೆಳ್ಳಗಿನ ಬಡಕಲು ಕೊಂಬೆ ಬರುತ್ತದೆ, ಅದು ನುಸಿಗೆ ಹಬ್ಬದೂಟ. ಆ ಎರಡು ತಿಂಗಳಲ್ಲಿ ನಾನು ಅದಕ್ಕೆ ನೀರು ಹಾಕಿದ್ದು ಕೈಬೆರಳಲ್ಲಿ ಎಣಿಸುವಷ್ಟು ಸಲ. ಗಾಳಿಯಲ್ಲೇ ತೇವ ಇರುವಾಗ ಒಂಬತ್ತು ಹತ್ತು ದಿನವಾದರೂ ಬೆರಳಿಗೆ ತಂಪೇ ಸಿಗುತ್ತಿತ್ತು.

ಊಟ ಯಾವಾಗ

ಹೊಸ ಚಿಗುರು ಬಂದು, ಅದರ ನಾಲ್ಕು ಎಲೆ ಪೂರ್ತಿ ಬಿಡಿಸಿದ ಮೇಲೆ. ಅದಕ್ಕೂ ಮೊದಲು ಅಲ್ಲ. ಸುಸ್ತಾದ ಬೇರಿಗೆ ಗೊಬ್ಬರದ ಉಪ್ಪು ಇನ್ನೊಂದು ಹೊರೆ. ಚಿಗುರು ಬಂದದ್ದೇ ಬೇರು ಬಂದ ಸುದ್ದಿ.

ಶುರುವಿಗೆ ಒಂದು ಮುಷ್ಟಿ ಎರೆಗೊಬ್ಬರ, ಬುಡಕ್ಕೆ ತಾಗದಂತೆ ಸುತ್ತ ಹಾಕಿ. ಹದಿನೈದು ದಿನ ಬಿಟ್ಟು ಶೇಂಗಾ ಹಿಂಡಿ: 50 ಗ್ರಾಂ ಹಿಂಡಿ ಒಂದು ಲೀಟರ್ ನೀರಲ್ಲಿ ಮೂರು ದಿನ ಮುಚ್ಚಿ ನೆನೆಸಿ, ತಿಳಿ ತೆಗೆದು ಹತ್ತು ಪಟ್ಟು ನೀರು ಬೆರೆಸಿ, ಗಿಡಕ್ಕೆ ಅರ್ಧ ಲೀಟರ್. ಹಿಂಡಿಯನ್ನು ಹಾಗೇ ಮಣ್ಣಿಗೆ ಹಾಕಿದರೆ ಕೊಳೆತು ಬೇರು ಸುಡುತ್ತದೆ, ಇಲಿಯೂ ಬರುತ್ತದೆ. ನನಗೆ ಎರಡೂ ಆಗಿತ್ತು. ಅಂಗಡಿ ಗೊಬ್ಬರವೇ ಬಳಸುತ್ತೀರಾದರೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವುದು) ಲೀಟರಿಗೆ ಒಂದು ಗ್ರಾಂ, ಅಷ್ಟೇ. ಒಲೆಯ ಬೂದಿ ತಿಂಗಳಿಗೆ ಒಂದು ಚಮಚಕ್ಕಿಂತ ಜಾಸ್ತಿ ಬೇಡ.

ಬಿಸಿಲಿಗೂ ಹೀಗೇ ಮೆಲ್ಲಗೆ. ಮೂರು ತಿಂಗಳು ಜಗಲಿಯಲ್ಲಿದ್ದ ಗಿಡವನ್ನು ಚೌತಿ ಮುಗಿದ ಮೇಲೆ ಬಿಸಿಲು ಬಂತು ಅಂತ ನೇರ ಟೆರೇಸಿಗೆ ಒಯ್ದರೆ ಎಲೆ ಸುಡುತ್ತದೆ. ಮೊದಲ ದಿನ ಬೆಳಗಿನ ಒಂದು ಗಂಟೆ, ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಹತ್ತು ದಿನದಲ್ಲಿ ಪೂರ್ತಿ ಬಿಸಿಲಿಗೆ ಬಿಡಿ. ಅತ್ತೆ ಮನೆಯ ಅಡಿಕೆ ನೆರಳಿನ ಗಿಡವನ್ನು ಮೇ ತಿಂಗಳ ಟೆರೇಸಿಗೆ ಹಾಕಿದ್ದೇ ನನ್ನ ಮೊದಲ ತಪ್ಪು ಅಂತ ಆಗ ತಲೆಗೆ ಹೋಯಿತು. ನೀರಿನದ್ದು ಎರಡನೆಯದು.

ಮೊದಲು ಬರುವ ಹೂವನ್ನೂ ಒಂದು ಸುತ್ತು ಚಿವುಟಿ. ಗಿಡದಲ್ಲಿ ಕೊಂಬೆ ಕವಲೊಡೆದು ಎಲೆ ದಟ್ಟವಾದ ಮೇಲೆ ಬರುವ ಹೂವನ್ನು ಬಿಡಿ. ಹಗಲಿನ ಬಿಸಿ 35 ಡಿಗ್ರಿ ಹತ್ತಿರ ಹೋದಾಗ ಹೂವು ತಾನಾಗಿ ಉದುರುವುದೂ ಇದೆ, ಅದಕ್ಕೆ ಮದ್ದು ಹುಡುಕಬೇಡಿ.

ನನ್ನ ಗಿಡ ಮೊದಲ ಚಿಗುರು ತೋರಿಸಲು ಇಪ್ಪತ್ತಾರು ದಿನ ತೆಗೆದುಕೊಂಡಿತು. ಅಷ್ಟರಲ್ಲಿ ಮೂರು ಸಲ ಎಸೆಯಲು ಹೊರಟಿದ್ದೆ. ಎಸೆಯುವ ಮೊದಲು ಕಾಂಡವನ್ನು ಉಗುರಿನಿಂದ ಸ್ವಲ್ಪ ಗೀರಿ ನೋಡಿ. ಸಿಪ್ಪೆಯಡಿ ಹಸಿರು, ಒದ್ದೆ ಇದ್ದರೆ ಇನ್ನೂ ಕಾಯಿರಿ. ಮೇಲೆ ಒಣಗಿದ್ದರೆ ಕೆಳಗೆ ಗೀರಿ, ಹಸಿರು ಸಿಗುವಲ್ಲಿಯವರೆಗೆ ಕತ್ತರಿಸಿ. ಬುಡದಲ್ಲೂ ಕಂದು, ಒಣ ಕಡ್ಡಿ ಸಿಕ್ಕರೆ ಮಾತ್ರ ಕುಂಡ ಖಾಲಿ ಮಾಡಿ. ಸೂಜಿ ಮೆಣಸು ಒಂದೇ ವರ್ಷದ ಗಿಡವಲ್ಲ, ಮೂರು ನಾಲ್ಕು ವರ್ಷ ಕಾಯಿ ಕೊಡುತ್ತದೆ. ಕಾಯುವುದು ನಷ್ಟವಲ್ಲ. ಭಾನುವಾರದ ಸಂತೆಯಲ್ಲಿ ಸಿಗುವ ಸಾದಾ ಹಸಿಮೆಣಸಿನ ಸಸಿಯಾದರೆ ಅಷ್ಟೊಂದು ಒದ್ದಾಡಬೇಡಿ, ಹೊಸದು ತಂದರೂ ಆಗುತ್ತದೆ.

ಡಿಸೆಂಬರಿನಲ್ಲಿ ಹದಿನೇಳು ಕಾಯಿ ಬಿಟ್ಟಿತು, ಆಕಾಶಕ್ಕೆ ಮುಖ ಮಾಡಿ. ಕೊಯ್ಯುವಾಗ ಎಳೆಯಬೇಡಿ, ಚೇತರಿಸಿಕೊಂಡ ಗಿಡದ ಕೊಂಬೆ ಚಟಕ್ಕನೆ ಮುರಿಯುತ್ತದೆ. ತೊಟ್ಟನ್ನು ಕತ್ತರಿಯಿಂದ ಕತ್ತರಿಸಿ. ಎರಡು ಕಾಯಿಯನ್ನು ಬೀಜಕ್ಕೆಂದು ಗಿಡದಲ್ಲೇ ಕೆಂಪಾಗಲು ಬಿಟ್ಟಿದ್ದೆ, ಅವನ್ನು ಪಿಕಳಾರ ತಿಂದುಕೊಂಡು ಹೋಯಿತು. ಹಕ್ಕಿಗೆ ಖಾರ ಹತ್ತುವುದಿಲ್ಲ. ಬೀಜ ಬೇಕಾದರೆ ಕಾಯಿಗೆ ಒಂದು ತುಂಡು ಸೊಳ್ಳೆ ಪರದೆ ಕಟ್ಟಿ.